ಬೀರುವಿನೊಳಗೆ ಮೈಕ್: ಮನೆಯಲ್ಲಿ ವೀಣೆ ರೆಕಾರ್ಡ್ ಮಾಡಿದ ನನ್ನ ಅನುಭವ

ನಾನು ಮೈಸೂರಿನಲ್ಲಿ ವೀಣೆ ಪಾಠ ಹೇಳುತ್ತೇನೆ. ಕಛೇರಿಯಲ್ಲಿ ಮೈಕ್ ಇಡುವುದು ಮೈಕ್‌ಸೆಟ್‌ನವರ ಕೆಲಸ, ಅದರ ಬಗ್ಗೆ ಎಂದೂ ತಲೆ ಕೆಡಿಸಿಕೊಂಡವನಲ್ಲ. ಹೊರದೇಶದಲ್ಲಿರುವ ಶಿಷ್ಯೆಗೆ ಪಾಠ ರೆಕಾರ್ಡ್ ಮಾಡಿ ಕಳಿಸಬೇಕಾಗಿ ಬಂತು ನೋಡಿ, ಪೇಚಾಟ ಶುರುವಾಯಿತು. ಫೋನಿನಲ್ಲಿ ಮೀಟು ಕೇಳಿಸುತ್ತಿತ್ತು, ಮೀಟಿನ ಬೆನ್ನಿಗೆ ತಂತಿ ಎಳೆದು ಸ್ವರ ಬಳುಕಿಸುವ ಗಮಕ ಕೇಳಿಸುತ್ತಿರಲಿಲ್ಲ. ವೀಣೆಯಲ್ಲಿ ಅದೇ ಹೋದರೆ ಇನ್ನೇನು ಉಳಿಯಿತು?

ವೇದಿಕೆಯಲ್ಲಿ ನೋಡಿ ನೋಡಿ ಪರಿಚಯವಿದ್ದದ್ದು ಶೂರ್ ಎಸ್‌ಎಂ58. 1966ರಿಂದ ಬರುತ್ತಿರುವ ಗಟ್ಟಿ ಮೈಕು. ಅದನ್ನೇ ತಂದೆ. ಜೊತೆಗೆ ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ಆಡಿಯೋ ಇಂಟರ್‌ಫೇಸ್. ಮೈಕಿನ ಸಣ್ಣ ವೋಲ್ಟೇಜನ್ನು ಹಿಗ್ಗಿಸುವ ಪ್ರಿಆಂಪ್ ಅದರೊಳಗೇ ಇರುತ್ತದೆ. ನುಡಿಸಿ ಕೇಳಿದರೆ ವೀಣೆ ಎಲ್ಲೋ ದೂರದಲ್ಲಿತ್ತು. ಎಷ್ಟು ಹಿಗ್ಗಿಸಬೇಕು ಅನ್ನುವ ಗೇನ್ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದೆ. ವೀಣೆ ಹತ್ತಿರ ಬಂತು, ಜೊತೆಗೆ ‘ಸ್ಸ್‌ಸ್ಸ್’ ಅನ್ನುವ ಸದ್ದೂ ಬಂತು.

‘ಪ್ರಿಆಂಪ್ ಚೆನ್ನಾಗಿಲ್ಲ, ದುಬಾರಿಯದು ತಗೋ’ ಅಂದರು ಒಬ್ಬ ಗೆಳೆಯರು. ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಗೇನ್ ಹಾಗೇ ಇಟ್ಟು, ಮೈಕನ್ನು ಬೀರುವಿನಲ್ಲಿ ಸೀರೆಗಳ ಮಧ್ಯೆ ತುರುಕಿ, ಬಾಗಿಲು ಒತ್ತಿ ಹಿಡಿದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿದೆ. ‘ಮೈಕಿಗೂ ರೇಷ್ಮೆ ಸೀರೆ ಬೇಕೇನ್ರೀ?’ ಅಂದಳು ನನ್ನ ಹೆಂಡತಿ. ಸೀರೆಯೊಳಗೂ ಆ ಸ್ಸ್‌ಸ್ಸ್ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಂದರೆ ಅದು ಕೋಣೆಯ ಸದ್ದಲ್ಲ, ಮೈಕು ಮತ್ತು ಪ್ರಿಆಂಪಿನ ಒಳಗಿನದೇ.

ಹಾಗಾದರೆ ಗೆಳೆಯರು ಹೇಳಿದ್ದೇ ಸರಿ ಅಲ್ವಾ? ಅಲ್ಲ. ಇಂಟರ್‌ಫೇಸಿನ ಕೈಪಿಡಿಯಲ್ಲಿ ಪ್ರಿಆಂಪಿನ ಸ್ವಂತ ಸದ್ದು −128 ಡಿಬಿಯು ಎಂದಿತ್ತು (ಡಿಬಿಯು ಅಂದರೆ ವೋಲ್ಟೇಜನ್ನು ಡೆಸಿಬೆಲ್‌ನಲ್ಲಿ ಹೇಳುವ ಅಳತೆ, ಅಂಕಿ ಕೆಳಗಿಳಿದಷ್ಟೂ ಸದ್ದು ಕಡಿಮೆ). 150 ಓಮ್ ರೋಧದ ಮೈಕಿನ ಒಳಗಿನ ತಂತಿ ಸುರುಳಿಯಲ್ಲೇ, ಬರೀ ಅದು ಬೆಚ್ಚಗಿದೆ ಅನ್ನುವ ಕಾರಣಕ್ಕೆ, ಸುಮಾರು −131ರಷ್ಟು ಸದ್ದು ಹುಟ್ಟುತ್ತದೆ. ಅದಕ್ಕಿಂತ ಕೆಳಗೆ ಯಾವ ಪ್ರಿಆಂಪೂ ಇಳಿಸಲಾರದು. ಎಷ್ಟು ದುಡ್ಡು ಸುರಿದರೂ ತಗ್ಗುವುದು ಹೆಚ್ಚೆಂದರೆ ಮೂರು ಡೆಸಿಬೆಲ್. ಮೈಕಿನದೂ ತಪ್ಪಿಲ್ಲ. ಅದು ಬಾಯಿಗೆ ಹಿಡಿದು ಹಾಡುವವರಿಗೆ ಮಾಡಿದ್ದು, ವೀಣೆಯದು ಮೆಲುದನಿ.

ಹಾಗಾಗಿ ಪ್ರಿಆಂಪ್ ಬದಲಿಸದೆ, ಮೆಲುದನಿಗೂ ಹೆಚ್ಚು ವೋಲ್ಟೇಜ್ ಕೊಡುವ ಕಂಡೆನ್ಸರ್ ಮೈಕ್ ಹುಡುಕಿದೆ. ಇಲ್ಲಿ ನೋಡಬೇಕಾದದ್ದು ಮೈಕಿನ ಸ್ವಂತ ಸದ್ದಿನ ಅಂಕಿ. ಆಡಿಯೋ ಟೆಕ್ನಿಕಾ ಎಟಿ2020ರದು 20 ಡೆಸಿಬೆಲ್, ರೋಡ್ ಎನ್‌ಟಿ1-ಎಯದು 5. ಡ್ರಮ್ಮಿಗೋ ಜೋರು ಗಂಟಲಿಗೋ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ವೀಣೆಗೆ ಅದೇ ಎಲ್ಲ. ಎನ್‌ಟಿ1-ಎ ತಂದೆ. ಒಂದೇ ಸದ್ದಿಗೆ ಎಸ್‌ಎಂ58ಗಿಂತ ಹದಿಮೂರು ಪಟ್ಟು ಜಾಸ್ತಿ ವೋಲ್ಟೇಜ್ ಕೊಡುತ್ತದೆ, ಗೇನ್ ಅರ್ಧಕ್ಕೇ ಸಾಕಾಯಿತು. ಇದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸ್ ಮೈಕಿನ ಕೇಬಲ್ಲಿನಲ್ಲೇ ಕಳಿಸುವ ವಿದ್ಯುತ್, ಬೇಕು. ಆ ಬಟನ್ ಒತ್ತುವ ಮೊದಲು ಸ್ಪೀಕರ್ ತಗ್ಗಿಸಿ, ಇಲ್ಲದಿದ್ದರೆ ‘ಢಬ್’ ಅನ್ನುತ್ತದೆ.

ಮೊದಲ ದಿನದ ರೆಕಾರ್ಡಿಂಗಿನಲ್ಲಿ ವೀಣೆಗಿಂತ ಕಿಟಕಿಯಾಚೆಯ ಆಟೋಗಳೇ ಚೆನ್ನಾಗಿದ್ದವು! ಆಮೇಲೆ ನೋಡಿದರೆ ಮೈಕನ್ನು ಹಿಂದುಮುಂದಾಗಿ ಇಟ್ಟಿದ್ದೆ. ಇದು ತುದಿಯಿಂದ ಕೇಳುವ ಮೈಕಲ್ಲ, ಪಕ್ಕದಿಂದ ಕೇಳುವುದು. ಬಂಗಾರದ ಬಣ್ಣದ ಚುಕ್ಕಿ ಇರುವ ಕಡೆ ಮುಖ. ಸರಿಯಾಗಿ ತಿರುಗಿಸಿದ ಮೇಲೆ ಅದರ ಬೆನ್ನು ಕಿಟಕಿಗೆ ಬಂತು, ಆಟೋ ಮುಕ್ಕಾಲು ಪಾಲು ಅಡಗಿತು.

ಮತ್ತೆ ಬೀರು ಪರೀಕ್ಷೆ. ಸೀರೆಯೊಳಗೆ ಮೈಕು ಹೆಚ್ಚುಕಮ್ಮಿ ಮೌನ. ಹೊರಗೆ ತೆಗೆದರೆ ಫ್ಯಾನು, ಅಡುಗೆಮನೆಯ ಫ್ರಿಜ್ಜು. ಇನ್ನು ಉಳಿದದ್ದು ಕೋಣೆಯ ಕೆಲಸ, ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ಜಮಖಾನ ಹಾಸಿದೆ, ಬೆನ್ನ ಹಿಂದಿನ ಗೋಡೆಗೆ ಹಾಸಿಗೆ ಒರಗಿಸಿದೆ. ಬಾವಿಯೊಳಗೆ ಕೂತು ನುಡಿಸಿದ ಹಾಗಿದ್ದ ಗುಂಯ್‌ಗುಡುವಿಕೆ ಹೋಯಿತು. ಫ್ಯಾನ್ ಬಂದ್, ಬೆವರು ಉಚಿತ.

ಮೈಕ್ ಎಲ್ಲಿಡಬೇಕು ಅನ್ನುವುದಕ್ಕೇ ಒಂದು ವಾರ ಹಿಡಿಯಿತು. ಕುದುರೆಗೆ, ಅಂದರೆ ತಂತಿಗಳು ಕೂರುವ ಸೇತುವೆಗೆ, ಒಂದು ಗೇಣು ದೂರದಲ್ಲಿಟ್ಟರೆ ಉಗುರು ತಂತಿಗೆ ತಾಗುವ ‘ಟಕ್’ ಎಲ್ಲಕ್ಕಿಂತ ಮುಂದೆ ಬರುತ್ತದೆ. ಎರಡು ಮೊಳ ದೂರ ಸರಿಸಿದರೆ ಕೋಣೆಯೇ ಜಾಸ್ತಿ. ಕೊನೆಗೆ ಗಿಡ್ಡ ಸ್ಟ್ಯಾಂಡಿನ ಮೇಲೆ, ವೀಣೆಯ ದೊಡ್ಡ ಬುರುಡೆಯಾದ ಕೊಡದ ಎದುರಿಗೆ ಒಂದು ಮೊಳ ದೂರದಲ್ಲಿ, ಕುದುರೆಗೂ ಸ್ವರಸ್ಥಾನದ ಕೊನೆಯ ಮೆಟ್ಟಿಲಿಗೂ ನಡುವಿನ ಜಾಗದತ್ತ ಮುಖ ಮಾಡಿ ಇಟ್ಟೆ. ಮಂದ್ರದ ತಂತಿ ಎಳೆದಾಗ ಸ್ವರ ಅಡಗುವವರೆಗೂ ಕೇಳಿಸಿತು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಮೆಲುಸದ್ದೂ ಚೆನ್ನಾಗಿ ಉಳಿಯುವುದರಿಂದ, ಸದ್ದಿನ ಮಟ್ಟ ತೋರಿಸುವ ಮೀಟರು −12 ಡೆಸಿಬೆಲ್‌ನ ಆಸುಪಾಸಿಗೆ ಬಂದರೆ ಸಾಕು. ಕೆಂಪು ಮುಟ್ಟಿಸುವ ಆಸೆ ಬೇಡ.

ಎಸ್‌ಎಂ58 ಸುಮ್ನೆ ಕೂತಿಲ್ಲ. ಮಗಳು ಸಂಜೆ ಅದನ್ನು ತುಟಿಗೆ ಹಿಡಿದು ದೇವರನಾಮ ಹಾಡುತ್ತಾಳೆ. ಅದೇ ಇಂಟರ್‌ಫೇಸ್, ಅದೇ ಪ್ರಿಆಂಪ್, ಗೇನ್ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆ ಸ್ಸ್‌ಸ್ಸ್ ಹುಡುಕಿದರೂ ಸಿಗಲ್ಲ. ಕುಕ್ಕರ್ ಕೂಗಿದರೂ ಅವಳ ದನಿಯ ಹಿಂದೆ ಎಲ್ಲೋ ಕೇಳಿಸುತ್ತದೆ, ಅಷ್ಟೇ.