ಹೊಲಿಗೆ ಕಲಿಸಿದರಷ್ಟೇ ಸಾಲದು, ಮೊದಲ ವರ್ಷ ಜೊತೆಗಿರಿ

ಹೊಲಿಗೆ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದರೂ ಎಷ್ಟೋ ಮಹಿಳೆಯರ ಕೈಗೆ ಕಾಸು ಬರುವುದಿಲ್ಲ. ಗಿರಾಕಿ ಬಟ್ಟೆ ವಾಪಸು ತಂದಾಗ, ಕೂಲಿ ಎಷ್ಟು ಹೇಳಬೇಕೆಂದು ತೋಚದಾಗ ಕೇಳಲು ಯಾರೂ ಇರುವುದಿಲ್ಲ. ಹಾಗಾಗಿ ಮೂರು ತಿಂಗಳು ಕಲಿಸುವುದಾದರೆ ಮುಂದಿನ ಒಂಬತ್ತು ತಿಂಗಳ ಮಾರ್ಗದರ್ಶನವನ್ನೂ ಮೊದಲೇ ಯೋಜಿಸಿ. ಎಂಟು-ಹತ್ತು ಜನಕ್ಕೆ ಒಬ್ಬ ಮಾರ್ಗದರ್ಶಿ ಸಾಕು. ಆಕೆ ಸ್ವತಃ ಹೊಲಿದು ಸಂಪಾದಿಸುತ್ತಿರುವವಳಾಗಿರಲಿ.

ಮೊದಲ ಹೆಜ್ಜೆ: ಒಂದೇ ವಸ್ತು

ಹತ್ತು ಬಗೆ ಕಲಿಸುವ ಆಸೆ ಬೇಡ. ಬಟ್ಟೆ ಚೀಲ ಒಳ್ಳೆಯ ಆರಂಭ. 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಚೀಲಕ್ಕೆ 38 × 88 ಸೆಂ.ಮೀ.ನ ಒಂದು ತುಂಡು, ಹಿಡಿಗೆ 10 × 60 ಸೆಂ.ಮೀ.ನ ಎರಡು ಪಟ್ಟಿ ಬೇಕು. ಪಕ್ಕದ ಹೊಲಿಗೆಗೆ ಒಂದೂವರೆ ಸೆಂ.ಮೀ., ಬಾಯಿಯ ಮಡಿಕೆಗೆ 4 ಸೆಂ.ಮೀ. ಇದರಲ್ಲೇ ಸೇರಿದೆ. ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಚೀಲ ಕುಗ್ಗುತ್ತದೆ. ದಪ್ಪ ಬಟ್ಟೆಗೆ 16ನೇ ನಂಬರ್ ಸೂಜಿ, 3 ಮಿ.ಮೀ. ಉದ್ದದ ಹೊಲಿಗೆ. ಹಿಡಿ ಕೂಡಿಸುವಲ್ಲಿ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆಗಳನ್ನು ಹಾಕಿಸಿ. ಭಾರವೆಲ್ಲ ಬೀಳುವುದು ಅಲ್ಲೇ.

ಎರಡನೆಯದು: ತಪ್ಪನ್ನು ಕಲಿಯುವವಳೇ ಹುಡುಕಲಿ

ಬಟ್ಟೆಯ ಕೆಳಗೆ ದಾರ ಗೊಂಚಲಾದರೆ ಹೊಸಬರು ಬಾಬಿನ್ (ಕೆಳಗಿನ ದಾರದ ಸುರುಳಿ) ಬಿಚ್ಚುತ್ತಾರೆ. ದೋಷ ಹೆಚ್ಚಾಗಿ ಮೇಲಿನ ದಾರದ್ದು. ಯಂತ್ರದ ಪಾದ, ಅಂದರೆ ಬಟ್ಟೆಯನ್ನು ಒತ್ತಿಹಿಡಿಯುವ ಭಾಗ, ಇಳಿಸಿಕೊಂಡೇ ದಾರ ಹಾಕಿದರೆ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಪಾದ ಎತ್ತಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಹೊಲಿಗೆ ನಡುನಡುವೆ ತಪ್ಪಿದರೆ ಮೊದಲು ಸೂಜಿ ಬದಲಿಸಿ ನೋಡಬೇಕು. ಮಾರ್ಗದರ್ಶಿ ತಾನೇ ಯಂತ್ರದ ಮುಂದೆ ಕೂತು ಸರಿಮಾಡಿಕೊಟ್ಟರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಬಾಯಲ್ಲಿ ಹೇಳಲಿ, ಕೈ ಹಾಕದಿರಲಿ.

ಮೂರನೆಯದು: ಬೆಲೆ

ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ. ಬಟ್ಟೆ, ದಾರದ ಖರ್ಚಿನ ಮೇಲೆ ಏನೋ ಒಂದಿಷ್ಟು ಸೇರಿಸಿ ಹೇಳಿಬಿಡುತ್ತಾರೆ. ಗಡಿಯಾರ ಇಟ್ಟು ಐದು ಚೀಲ ಹೊಲಿಸಿ. ಕತ್ತರಿಸಿದ, ಇಸ್ತ್ರಿ ಮಾಡಿದ ಹೊತ್ತೂ ಸೇರಲಿ. ಸರಾಸರಿ 45 ನಿಮಿಷ ಬಂದರೆ ಒಂದು ಚೀಲದ ಕೂಲಿ ಒಂದು ಗಂಟೆಯ ಕೂಲಿಯ ಮುಕ್ಕಾಲು ಪಾಲು. ಅದಕ್ಕೆ ಸಾಮಗ್ರಿ, ವಿದ್ಯುತ್ತು, ಯಂತ್ರದ ಸವೆತ ಕೂಡಿಸಿ, ಹಾಳಾಗುವ ತುಂಡುಗಳಿಗೆಂದು ಒಟ್ಟು ಮೊತ್ತದ ಮೇಲೆ ಶೇ 10 ಸೇರಿಸಿ. ಸಾಮಗ್ರಿಯ ಹಣವನ್ನು ಮುಂಗಡವಾಗಿ ಪಡೆಯುವುದು ನಿಯಮವಾಗಲಿ, ನೆಂಟರಿಗೂ. ಹಾಗೆ ಕೇಳಲು ನಾಲಿಗೆ ಏಳುವುದಿಲ್ಲ, ನಿಜ. ಅದಕ್ಕೇ ತರಬೇತಿಯಲ್ಲೇ ಒಬ್ಬರು ಗಿರಾಕಿಯಾಗಿ ಚೌಕಾಸಿ ಮಾಡಲಿ, ಇನ್ನೊಬ್ಬರು ಉತ್ತರಿಸಲಿ.

ನಾಲ್ಕನೆಯದು: ಭೇಟಿ

ತರಬೇತಿ ಮುಗಿದ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ನಂತರದ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾರ್ಗದರ್ಶಿ ಭೇಟಿ ಕೊಡಲಿ. ಕುಶಲ ವಿಚಾರಿಸಿ ಬರುವುದಲ್ಲ, ಲೆಕ್ಕದ ಪುಸ್ತಕ ತೆರೆಸಬೇಕು: ಯಾರ ಕೆಲಸ, ಕೊಡುತ್ತೇನೆಂದ ದಿನ, ಕೊಟ್ಟ ದಿನ, ಬಂದ ಹಣ, ಬಾಕಿ. ಎರಡು ವಾರ ಪುಟ ಖಾಲಿ ಇದ್ದರೆ ಕಾರಣ ಕೇಳಿ. ಯಂತ್ರ ಕೆಟ್ಟಿದ್ದರೆ ರಿಪೇರಿಯವರನ್ನು ಕರೆಸಿ, ಅಲ್ಲಿಯವರೆಗೆ ತರಬೇತಿ ಕೇಂದ್ರದ ಯಂತ್ರ ಬಿಟ್ಟುಕೊಡಿ. ಬಾಕಿ ಸಿಕ್ಕಿಕೊಂಡಿದ್ದರೆ ವಸೂಲಾಗುವವರೆಗೆ ಅದೇ ಗಿರಾಕಿಯ ಹೊಸ ಕೆಲಸ ಹಿಡಿಯದಂತೆ ಹೇಳಿ. ಮನೆಗೆಲಸದ ನಡುವೆ ಹೊತ್ತೇ ಸಿಗುತ್ತಿಲ್ಲವೆಂದರೆ ಮನೆಯವರನ್ನೂ ಕೂರಿಸಿಕೊಂಡು ದಿನಕ್ಕೆ ಎರಡು ಗಂಟೆ ಗೊತ್ತುಮಾಡಿ. ಆ ಎರಡು ಗಂಟೆಗೆ ಮುಗಿಯುವಷ್ಟೇ ಕೆಲಸ ಒಪ್ಪಿಕೊಳ್ಳಲಿ.