ತೀರ್ಥಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಗ್ಗೆ ಆಗುಂಬೆ ಘಾಟಿ

ಬೆಂಗಳೂರಿನಿಂದ ಆಗುಂಬೆ ಮೇಲೆ ಉಡುಪಿಗೆ ಹೋಗುವುದಾದರೆ ನಾನು ಅದೇ ದಿನ ಘಾಟಿ ಇಳಿಯುವುದಿಲ್ಲ. ತಿಪಟೂರು, ಕಡೂರು, ಶಿವಮೊಗ್ಗ ದಾಟಿ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಸುಮಾರು 350 ಕಿ.ಮೀ. ಆಗಿರುತ್ತದೆ. ದಣಿದ ಕಾಲು, ಕತ್ತಲೆ, ಮಂಜು ಮೂರೂ ಸೇರಿದಾಗ ಆ 14 ತಿರುವುಗಳಿಗೆ ಇಳಿಯಬಾರದು.

ಬೆಳಗ್ಗೆ 5ಕ್ಕೆ ಹೊರಟರೆ ಶಿವಮೊಗ್ಗ ದಾಟಿದ ಮೇಲೆ ಆತುರವಿರುವುದಿಲ್ಲ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಅಲ್ಲಿ ನಿಲ್ಲುವ ಅಗತ್ಯವಿಲ್ಲ. ತೀರ್ಥಹಳ್ಳಿಯಲ್ಲಿ ಕೋಣೆ ಹಿಡಿಯುವ ಮುಂಚೆ ಕಾರು ನಿಲ್ಲಿಸಲು ಜಾಗ ಇದೆಯೇ ಎಂದು ಕೇಳಿ. ಪೆಟ್ರೋಲನ್ನು ಸಂಜೆಯೇ ಹಾಕಿಸಿ. ಗಾಳಿ ಮಾತ್ರ ಬೆಳಗ್ಗೆ, ಟೈರು ತಣ್ಣಗಿದ್ದಾಗ ನೋಡಬೇಕು. ಮರುದಿನ ಮೊದಲು ಕುಪ್ಪಳಿಗೆ ಹೋಗಿ ಕವಿಶೈಲ ಹತ್ತಿ ಬರಬಹುದು. ಮಳೆಗಾಲವಾದರೆ ಇಂಬಳಕ್ಕೆ ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.

ಆಗುಂಬೆಯ ಸೂರ್ಯಾಸ್ತ ನೋಡಲೇಬೇಕೆಂದರೆ ಹಿಂದಿನ ಸಂಜೆ ತೀರ್ಥಹಳ್ಳಿಯಿಂದ ಹೋಗಿ ಅಲ್ಲಿಗೇ ವಾಪಸು ಬನ್ನಿ. ಸೂರ್ಯ ಮುಳುಗಿದ ಮೇಲೆ ಘಾಟಿಯ ಬುಡದ ಸೋಮೇಶ್ವರದ ಕಡೆ ಇಳಿಯುವುದೇ ಅಪಾಯ.

ಘಾಟಿಯಲ್ಲಿ ಎರಡನೇ ಗೇರ್, ಕಡಿದಾದ ತಿರುವಿನಲ್ಲಿ ಮೊದಲನೆಯದು. ಆಟೋಮ್ಯಾಟಿಕ್ ಕಾರಾದರೆ ‘ಡಿ’ಯಲ್ಲಿ ಬಿಡದೆ ‘ಎಲ್’ ಅಥವಾ ಮ್ಯಾನುವಲ್‌ಗೆ ತನ್ನಿ. ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿದರೆ ಪ್ಯಾಡ್ ಕಾಯುತ್ತದೆ; ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿದ್ದರೆ ಆ ಕಾವಿಗೆ ಕುದಿದು ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಇಳಿಯುವಾಗ ನ್ಯೂಟ್ರಲ್ ಬೇಡವೇ ಬೇಡ.

ಹತ್ತಿ ಬರುವ ವಾಹನಕ್ಕೇ ಮೊದಲ ದಾರಿ. ಮಿನಿ ಬಸ್ಸಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ, ಆದ್ದರಿಂದ ಹಾರ್ನ್ ಮಾಡಿ ತಿರುವಿನ ಮೇಲ್ಗಡೆಯೇ ನಿಂತು ಕಾಯಿರಿ. ಮಂಜಿನಲ್ಲಿ ಡಿಮ್ ಲೈಟೇ ಸರಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ ಹೊರಗಿನ ಗಾಳಿ ಒಳಬಿಡಿ. ಹೊರಮೈಗೆ ಕಟ್ಟಿದರೆ ವೈಪರ್ ಹಾಕಿ, ಎಸಿಯ ತಂಪು ಕಡಿಮೆ ಮಾಡಿ.

ಸೋಮೇಶ್ವರ ಮುಟ್ಟಿದ ಮೇಲೆ ಸುಟ್ಟ ವಾಸನೆ ಬಂದರೆ ಅರ್ಧ ಗಂಟೆ ಗಾಡಿ ನಿಲ್ಲಿಸಿ. ಕಾದ ಬ್ರೇಕ್ ಡಿಸ್ಕಿಗೆ ನೀರು ಹೊಯ್ಯಬೇಡಿ, ಅದು ಸೊಟ್ಟಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಉಡುಪಿ ದಾರಿಯ ಹೆಬ್ರಿ ಅಲ್ಲಿಂದ ದೂರವೇನಲ್ಲ.