ಗೇಣು ಗೇಣು ಸರಿದ ಮಂಚ

ನಮ್ಮ ಪುಟ್ಟಿ ತನ್ನ ಕೋಣೆಯಲ್ಲಿ, ತನ್ನ ಮಂಚದ ಮೇಲೆ ರಾತ್ರಿ ಒಂಬತ್ತೂಕಾಲಕ್ಕೆ ಮಲಗಿ ಬೆಳಿಗ್ಗೆ ಆರೂವರೆಗೆ ಏಳತೊಡಗಿ ಈಗ ಐದು ತಿಂಗಳಾಯಿತು. ಇದು ಆಗುವ ಮಾತಲ್ಲ ಎಂದು ನನಗೆ ಹೇಳದವರೇ ಇರಲಿಲ್ಲ. ಅತ್ತೆಯವರಂತೂ ಮೊದಲ ದಿನವೇ ಅಂದಿದ್ದರು: "ಕೂಸಿನ್ನ ಒಂದನ್ನ ಮಲಗಸೂ ಪದ್ಧತಿ ನಮ್ಮ ಮನ್ಯಾಗಿಲ್ಲವಾ. ಹೆದರಿ ಜ್ವರಾ ಬರತಾವ." ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು, "ಹತ್ತು ವರ್ಷಕ್ಕ ತಾವ ಎದ್ದು ಹೋಗತಾರ ಬಿಡ್ರಿ, ಯಾಕ ಒದ್ದಾಡ್ತೀರಿ" ಎಂದರು. ಈಗ ಅವರೇ ಮಗನಿಗಾಗಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾನೂ ಹಾಗೇ ಬೆಳೆದವಳು. ಆದರೆ ಎರಡನೆಯವನು ಹುಟ್ಟಿದ ಮೇಲೆ ಒಂದೇ ಮಂಚದ ಮೇಲೆ ನಾಲ್ಕು ಜನ ಆದೆವು. ಪುಟ್ಟಿ ನಿದ್ದೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಾಳೆ. ಒಂದು ರಾತ್ರಿ ಅವಳ ಹಿಮ್ಮಡಿ ಎರಡು ತಿಂಗಳ ಕೂಸಿನ ಎದೆಯ ಮೇಲೆ ಬಿತ್ತು. ಅಂದಿನಿಂದ ನಾನು ಇಬ್ಬರ ನಡುವೆ ಕೈ ಅಡ್ಡ ಇಟ್ಟುಕೊಂಡೇ ರಾತ್ರಿ ಕಳೆಯತೊಡಗಿದೆ. ಅದು ನಿದ್ದೆಯಲ್ಲ, ಕಾವಲು. ಅಜ್ಜಿಯ ಹತ್ತಿರ ಮಲಗಿಸಿ ಎಂದು ಎಲ್ಲರೂ ಹೇಳಿದರು. ಅತ್ತೆ ವರ್ಷದಲ್ಲಿ ಆರು ತಿಂಗಳು ನನ್ನ ಮೈದುನನ ಮನೆಯಲ್ಲಿರುತ್ತಾರೆ. ಇಲ್ಲಿದ್ದಾಗಲೂ ನಾಲ್ಕೂವರೆಗೆ ಎದ್ದು ದೀಪ ಹಚ್ಚುತ್ತಾರೆ, ಕೂಸೂ ಜೊತೆಗೇ ಎದ್ದು ಕೂರುತ್ತದೆ.

ಸೋತದ್ದನ್ನು ಮೊದಲು ಹೇಳುತ್ತೇನೆ, ನನ್ನ ದುಡ್ಡು ಹೋದದ್ದು ಅಲ್ಲೇ.

ಮೊದಲ ಸಲ ಅವಳನ್ನು ಬೇರೆ ಮಲಗಿಸಲು ನೋಡಿದ್ದು ಎರಡನೆಯವನ ಹೆರಿಗೆಗೆ ಹದಿನೈದು ದಿನ ಇರುವಾಗ. ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ತಮ್ಮ ಬಂದ, ತನ್ನ ಜಾಗ ಹೋಯಿತು ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತುಬಿಟ್ಟಿತು. ಬಾಣಂತನದ ಕೋಣೆಯ ಹೊಸ್ತಿಲ ಮೇಲೆ ದಿಂಬು ತಂದಿಟ್ಟು ಮಲಗುತ್ತಿದ್ದಳು. ಮಾಡುವುದಿದ್ದರೆ ಮೂರು ನಾಲ್ಕು ತಿಂಗಳು ಮೊದಲೇ ಮುಗಿಸಬೇಕು, ಇಲ್ಲವೇ ಕೂಸು ಹುಟ್ಟಿ ಮನೆ ಒಂದು ಹದಕ್ಕೆ ಬರುವ ತನಕ ಕಾಯಬೇಕು.

ಎರಡನೆಯದು ಕಾರಿನ ಆಕಾರದ ಮಂಚ. ಕೆಂಪು ಬಣ್ಣ, ನಾಲ್ಕು ಗಾಲಿಯ ಚಿತ್ರ, ಮುಂದೆ ಹೆಡ್‌ಲೈಟು. ಮಂಚಕ್ಕೆ 16,500 ರೂಪಾಯಿ, ಮೇಲಿನ ಫೋಮ್ ಗಾದಿಗೆ ಬೇರೆ 4,000. ಹಗಲೆಲ್ಲ ಅದರ ಮೇಲೇ ಆಟ, ರಾತ್ರಿ ಮಾತ್ರ ಹತ್ತುತ್ತಿರಲಿಲ್ಲ. ಅವಳ ಮಟ್ಟಿಗೆ ಅದು ಆಟದ ಸಾಮಾನು. ನಾಲ್ಕು ತಿಂಗಳಾದ ಮೇಲೆ ಗಾದಿ ಸಮೇತ 5,000ಕ್ಕೆ ಕೊಟ್ಟೆ. ಇವರು ಈಗಲೂ ಆ ಲೆಕ್ಕ ತೆಗೆಯುತ್ತಾರೆ.

ಮೂರನೆಯದನ್ನು ಬರೆಯಲು ಸಂಕಟವಾಗುತ್ತದೆ. ಅತ್ತು ಅತ್ತು ತಾನೇ ಮಲಗುತ್ತಾಳೆ ಎಂದು ಯಾರೋ ಹೇಳಿದ್ದು ಕೇಳಿ ಒಂದು ರಾತ್ರಿ ಬಾಗಿಲು ಮುಂದಕ್ಕೆ ಹಾಕಿದೆ. ನಲವತ್ತು ನಿಮಿಷ ಅತ್ತಳು, ಆಮೇಲೆ ವಾಂತಿ ಮಾಡಿಕೊಂಡಳು. ಎತ್ತಿಕೊಂಡಾಗ ಅವಳ ಎದೆ ಹಕ್ಕಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಬೇರೆಯವರ ಮಕ್ಕಳಿಗೆ ಅದು ಒಗ್ಗಿರಬಹುದು. ನನ್ನ ಮಗಳಿಗೆ ಇನ್ನೊಮ್ಮೆ ಮಾಡಲಾರೆ ಎಂದು ಅವತ್ತೇ ನಿಶ್ಚಯ ಮಾಡಿದೆ.

ಆಮೇಲೆ ಎರಡು ತಿಂಗಳು ಏನೂ ಮಾಡಲಿಲ್ಲ. ಆ ದಿನಗಳಲ್ಲೇ ಹೊಳೆದದ್ದು: ಕೂಸನ್ನು ಎಬ್ಬಿಸಿ ಬೇರೆ ಕಡೆ ಕಳಿಸುವುದೇ ಬೇಡ. ಕೂಸು ತನ್ನ ಹಾಸಿಗೆಯ ಮೇಲೇ ಇರಲಿ, ಹಾಸಿಗೆ ಸರಿಯಲಿ.

ನಮ್ಮದು ಹುಬ್ಬಳ್ಳಿಯಲ್ಲಿ ಹಳೇ ಕಾಲದ ಬಾಡಿಗೆ ಮನೆ. ನಾವು ಮಲಗುವ ಕೋಣೆಯ ಒಳಗಿಂದಲೇ ಇನ್ನೊಂದು ಸಣ್ಣ ಕೋಣೆಗೆ ಬಾಗಿಲಿದೆ. ನೆಲಕ್ಕೆ ಶಹಾಬಾದ್ ಕಲ್ಲಿನ ಫರ್ಸಿ. ಓಣಿಯ ಬಡಿಗೇರ ಕಾಕಾ ಅವರಿಂದ ಬೇವಿನ ಕಟ್ಟಿಗೆಯಲ್ಲಿ ಐದು ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಂಚ ಮಾಡಿಸಿದೆ. ನೆಲದಿಂದ ಒಂಬತ್ತೇ ಇಂಚು ಎತ್ತರ, ಉರುಳಿ ಬಿದ್ದರೂ ಪೆಟ್ಟಾಗಬಾರದು. ಮಜೂರಿ ಸೇರಿ 4,200 ಆಗಿರಬೇಕು. ಕಾಲಿಗೆ ಗಾಲಿ ಹಾಕಿಸಿದ್ದು ತಪ್ಪಾಯಿತು. ಪುಟ್ಟಿ ಹಾರಿ ಕೂತರೆ ಮಂಚ ಗೋಡೆಗೆ ಹೋಗಿ ಬಡಿಯುತ್ತಿತ್ತು. ಗಾಲಿ ತೆಗೆಸಿ ಹಳೆ ಕಂಬಳಿಯ ತುಂಡು ಅಂಟಿಸಿದೆ. ಫರ್ಸಿಯ ಮೇಲೆ ಸದ್ದಿಲ್ಲದೆ ಸರಿಯುತ್ತದೆ, ತಾನಾಗಿ ಓಡುವುದಿಲ್ಲ. ಮನೆಯಲ್ಲಿದ್ದ ಹಳೆ ಗಾದಿಯ ಹತ್ತಿ ಹಿಂಜಿಸಿ ಹೊಸ ಬಟ್ಟೆ ಹಾಕಿಸಲು ಒಂದೂವರೆ ಸಾವಿರದ ಹತ್ತಿರ ಖರ್ಚು.

ಕೌದಿ ಮಾತ್ರ ತವರಿನದು. ನನ್ನವ್ವ ತನ್ನ ಎರಡು ಹಳೆ ಇಳಕಲ್ ಸೀರೆ, ನನ್ನದೊಂದು ಕಾಟನ್ ಸೀರೆ, ಪುಟ್ಟಿಯ ಚಿಕ್ಕಂದಿನ ಲಂಗ ಸೇರಿಸಿ ಇಪ್ಪತ್ತು ದಿನ ಕೂತು ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ಒಣಗಿದ ಕಟಕ ರೊಟ್ಟಿ ಒಳಗಿಟ್ಟಳು. "ಕೌದಿ ಹಸದಿರಬಾರದು, ಕೂಸಿನ್ನ ಬೆಚ್ಚಗ ಇಡಬೇಕು ನೋಡ" ಎಂದಳು. ಪುಟ್ಟಿ ಬಾಯಿ ತೆರೆದು ನೋಡುತ್ತಿದ್ದಳು. ಕೌದಿ ನನ್ನ ಮೈಯ ವಾಸನೆ ಹಿಡಿಯಲಿ ಎಂದು ಅವಳಿಗೆ ಕೊಡುವ ಮೊದಲು ನಾನು ಒಂದು ವಾರ ಹೊದ್ದು ಮಲಗಿದೆ. ಅದನ್ನು ಇವತ್ತಿಗೂ ಸೋಪು ಹಾಕಿ ಒಗೆಯದೆ ಬಿಸಿಲಿಗೆ ಹಾಕುತ್ತೇನೆ ಅಷ್ಟೆ.

ಗಣೇಶ ಚೌತಿ ಮುಗಿದ ವಾರ ಶುರು ಮಾಡಿದೆವು. ಅವಳಿಗೆ ಆಗ ನಾಲ್ಕೂಕಾಲು ವರ್ಷ. ಸಣ್ಣ ಮಂಚವನ್ನು ನಮ್ಮ ಮಂಚಕ್ಕೆ ಒತ್ತಿ ಇಟ್ಟೆ, ನನ್ನ ಮಗ್ಗುಲಲ್ಲೇ. ಮೊದಲ ವಾರ ಮಧ್ಯಾಹ್ನದ ನಿದ್ದೆ ಮಾತ್ರ ಅಲ್ಲಿ. ಎರಡನೇ ವಾರ ರಾತ್ರಿಯೂ ಅಲ್ಲೇ, ನನ್ನ ಕೈ ಅವಳ ಬೆನ್ನ ಮೇಲೆ. ಆಮೇಲೆ ಎರಡು ದಿನಕ್ಕೊಮ್ಮೆ ಒಂದು ಗೇಣು ಸರಿಸುವುದು. ಅಳೆಯುವವಳು ಅವಳೇ. ಇದನ್ನು ಮಾತ್ರ ಬಿಡಬೇಡಿ. ಮೊದಲು ನನ್ನ ಗೇಣಿನಿಂದ ಅಳೆಯಲು ಹೋದಾಗ "ನನ್ನ ಮಂಚ, ನನ್ನ ಗೇಣು" ಎಂದು ಹಟ ಹಿಡಿದಳು. ನನ್ನ ಗೇಣು ಎಂಟು ಇಂಚಿನ ಹತ್ತಿರ, ಅವಳದು ನಾಲ್ಕೂವರೆ. ದಿನ ಹೆಚ್ಚು ಹಿಡಿಯುತ್ತದೆ ಎಂದು ಇವರು ಗೊಣಗಿದರು. ನಾನು ಒಪ್ಪಿಕೊಂಡೆ. ಫರ್ಸಿಯ ಮೇಲೆ ಹೆಬ್ಬೆರಳು ಊರಿ, ಕಿರುಬೆರಳನ್ನು ನಡುಗುವಷ್ಟು ಚಾಚಿ, ತುದಿಗೆ ಬಳಪದಿಂದ ಗೆರೆ ಎಳೆಯುತ್ತಿದ್ದಳು. ಅವಳು ಎಳೆದ ಗೆರೆ ದಾಟಿ ಒಂದು ಕೂದಲೆಳೆಯಷ್ಟೂ ನಾನು ಸರಿಸಲಿಲ್ಲ.

ಮೊದಲ ಗೇಣಿನಲ್ಲೇ ಎಡವಟ್ಟಾಯಿತು. ಎರಡು ಮಂಚದ ನಡುವಿನ ಸಂದಿಯಲ್ಲಿ ರಾತ್ರಿ ಅವಳ ಕಾಲು ಮೊಣಕಾಲಿನ ತನಕ ಇಳಿದು ಸಿಕ್ಕಿಕೊಂಡಿತು. ಮರುದಿನವೇ ಅವಳಿಗೆ ಹೇಳಿ ಒಮ್ಮೆಲೇ ಒಂದು ಮೊಳ ದೂರ ಮಾಡಿದೆ, ಗೇಣಿನ ಲೆಕ್ಕ ಅಲ್ಲಿಂದ. ಕೂಡಿಸಿದರೆ ಪೂರ್ತಿ ಕೂಡಿರಬೇಕು, ಬಿಡಿಸಿದರೆ ಮೈ ಸಿಗದಷ್ಟು ಬಿಡಿಸಿರಬೇಕು. ಗೋಡೆ ಕಡೆಗೂ ಇದೇ ಮಾತು. ವರ್ಷ ತುಂಬದ ಕೂಸುಗಳಿಗೆ ನನ್ನ ಈ ಹತ್ತಿ ಗಾದಿ, ದಿಂಬು, ಕೌದಿ ಯಾವುದೂ ಬೇಡ, ಅದು ಬೇರೆಯೇ ವಿಷಯ.

ಕೈ ನಿಲುಕದಷ್ಟು ದೂರವಾದಾಗ ಕಷ್ಟ ಶುರುವಾಯಿತು. ನನ್ನ ದುಪಟ್ಟಾದ ತುದಿ ಅವಳ ಕೈಗೆ ಕೊಟ್ಟೆ, ಇನ್ನೊಂದು ತುದಿ ನನ್ನ ಕೈಯಲ್ಲಿ. ಚೆನ್ನಾಗಿಯೇ ಮಲಗಿದಳು. ಆದರೆ ಕೊರಳಿಗೆ ಸುತ್ತಿಕೊಂಡರೆ ಎಂದು ನನಗೇ ನಿದ್ದೆ ಹತ್ತಲಿಲ್ಲ, ಒಂದೇ ರಾತ್ರಿಗೆ ಬಿಟ್ಟೆ. ಫೋನಿನಲ್ಲಿ ನನ್ನ ಜೋಗುಳ ರೆಕಾರ್ಡ್ ಮಾಡಿಟ್ಟೆ. ಮಲಗಿದ್ದು ಬೇಗ, ಹನ್ನೆರಡಕ್ಕೆ ಎದ್ದು "ಹಾಡು ಎಲ್ಲಿ" ಎಂದು ಅಳು. ಕಣ್ಣು ಮುಚ್ಚುವಾಗ ಏನಿರುತ್ತದೋ ನಡುರಾತ್ರಿ ಕಣ್ಣು ಬಿಟ್ಟಾಗಲೂ ಅದು ಬೇಕು ಅನ್ನುತ್ತಾರೆ ಮಕ್ಕಳು. ಅದಕ್ಕೇ ರಾತ್ರಿಯಿಡೀ ಜೊತೆಗಿರುವ ಕೌದಿ ಗೆದ್ದಿತು, ನಿಂತುಹೋಗುವ ಹಾಡು ಸೋತಿತು. ಟಾರ್ಚ್ ಕೊಟ್ಟು ನೋಡಿದೆ, ಮೂರು ಜೊತೆ ಸೆಲ್ ಖಾಲಿಯಾದವು. ನೀಲಿ ಝೀರೋ ಬಲ್ಬಿನಲ್ಲಿ ಹತ್ತೂವರೆ ತನಕ ಕಣ್ಣು ಬಿಟ್ಟಿರುತ್ತಿದ್ದಳು. ಮಸುಕು ಹಳದಿಯದನ್ನು ಅವಳ ತಲೆಯ ಹಿಂದೆ, ಕೆಳಗೆ ಹಾಕಿದ ಮೇಲೆ ಗೋಡೆಯ ಮೇಲಿನ ನೆರಳಿನ ಹೆದರಿಕೆಯೂ ಹೋಯಿತು. ಅತ್ತೆ ಹಾಲಿಗೆ ಜಾಜಿಕಾಯಿ ತೇಯ್ದು ಹಾಕಲು ಹೊರಟಿದ್ದರು. ಮಕ್ಕಳ ಡಾಕ್ಟರು ಹೆಚ್ಚಾದರೆ ವಿಷ ಎಂದರು, ಅಲ್ಲಿಗೇ ನಿಲ್ಲಿಸಿದೆವು. ನಿಜವಾದ ಫರಕು ಆದದ್ದು ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿದಾಗ. ನಾಲ್ಕೂವರೆ ತನಕ ಮಲಗುತ್ತಿದ್ದವಳನ್ನು ನಲವತ್ತು ನಿಮಿಷಕ್ಕೆ ಎಬ್ಬಿಸತೊಡಗಿದೆ. ನಾಲ್ಕೇ ದಿನಕ್ಕೆ ರಾತ್ರಿ ಒಂಬತ್ತೂಕಾಲಕ್ಕೆ ಕಣ್ಣು ಎಳೆಯುತ್ತಿದ್ದವು.

ನಡುರಾತ್ರಿ ಎದ್ದು ಬರುವುದಕ್ಕೆ ಚೌಕಾಬಾರದ ಕವಡೆ ಉಪಯೋಗಕ್ಕೆ ಬಂದವು. ಮಲಗುವಾಗ ದಿಂಬಿನ ಬದಿಯ ಡಬ್ಬಿಯಲ್ಲಿ ಎರಡು ಕವಡೆ. ಒಂದು ಕೊಟ್ಟರೆ ನೀರು ಕೇಳಬಹುದು ಅಥವಾ ನನ್ನನ್ನು ಕರೆಯಬಹುದು. ಎರಡೂ ಮುಗಿದ ಮೇಲೂ ಎದ್ದು ಬಂದರೆ ಬೈಯುವುದಿಲ್ಲ, ಮಾತೂ ಇಲ್ಲ. ಕೈ ಹಿಡಿದು ಕರೆದೊಯ್ದು ಮಲಗಿಸಿ ಬರುವುದು, ಅಷ್ಟೆ. ಉಚ್ಚೆಗೆ ಮಾತ್ರ ಕವಡೆ ಬೇಕಿಲ್ಲ. ಬೆಳಿಗ್ಗೆ ಉಳಿದ ಕವಡೆ ಅವಳದು. ಹತ್ತು ಕೂಡಿದರೆ ಭಾನುವಾರ ಉಣಕಲ್ ಕೆರೆಗೆ. ಮೊದಲ ವಾರ ರಾತ್ರಿಗೆ ಐದಾರು ಸಲ ಎದ್ದೆ. ಮೂರನೇ ವಾರಕ್ಕೆ ಒಂದು ಸಲ. ಇವರು ಒಂದು ರಾತ್ರಿ ಪಾಪ ಅನ್ನಿಸಿ ನಮ್ಮ ಮಂಚದ ಮೇಲೆ ಎಳೆದುಕೊಂಡರು. ಆ ಒಂದು ರಾತ್ರಿಯ ಬೆಲೆ ಒಂಬತ್ತು ರಾತ್ರಿ.

ದೀಪಾವಳಿಗೆ ತವರಿಗೆ ಹೋಗಿ ಬಂದದ್ದಕ್ಕೆ ಹತ್ತು ದಿನ ಹೋಯಿತು. ಪಟಾಕಿಗೆ ಹೆದರಿ ನನ್ನ ಸೊಂಟಕ್ಕೇ ಅಂಟಿಕೊಂಡಿದ್ದಳು. ಮುಂದೆ ಜ್ವರ ಬಂದಾಗ ನಾನೇ ಪಕ್ಕದಲ್ಲಿ ಹಾಕಿಕೊಂಡೆ, ಜ್ವರದ ಕೂಸನ್ನು ದೂರ ಇಡಬಾರದು. ಆದರೆ ತಿರುಗಿ ಶುರು ಮಾಡುವಾಗ ಬಿಟ್ಟ ಗೆರೆಯಿಂದ ಅಲ್ಲ, ಎರಡು ಗೇಣು ಹಿಂದಿನಿಂದ. ಅವಳೇ ಹಳೆ ಗೆರೆ ಹುಡುಕಿ ತೋರಿಸಿದಳು.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಬಾಗಿಲು. ಮಂಚ ಬಾಗಿಲ ಹತ್ತಿರ ಬಂತು, ಹದಿನೈದೋ ಹದಿನಾರೋ ಗೇಣಿನ ಮೇಲೆ. ಮುಂದೆ? ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಇಡಲಾಗದು. ಅಲ್ಲಿ ಗೇಣಲ್ಲ, ಒಂದೇ ಸಲಕ್ಕೆ ಆರಡಿ ಜಿಗಿತ. ಹನ್ನೆರಡು ದಿನ ಮಂಚ ಅಲ್ಲೇ ನಿಂತಿತು. ಕೊನೆಗೆ ಒಂದು ಭಾನುವಾರ ಹಗಲು ಹೊತ್ತಿನಲ್ಲಿ ಅವಳ ಗೊಂಬೆಯನ್ನು ಮಂಚದ ಮೇಲೆ ಕೂರಿಸಿ, ಪಲ್ಲಕ್ಕಿ ಎಂದು ನಾವಿಬ್ಬರೂ ಹೊತ್ತೆವು. ಮಂಚ ಓರೆ ಮಾಡಿದಾಗ ಗೊಂಬೆಯನ್ನು ಅವಳೇ ಹಿಡಿದುಕೊಂಡಳು. ದೇವರ ಮನೆಯ ಗಂಟೆ ಬಾರಿಸುತ್ತ ಮುಂದೆ ಹೋದವಳು ಅವಳು, ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ ಒಳಗೆ ಕರೆದವರು ಅತ್ತೆ. ಅಷ್ಟು ದಿನ ಬೇಡ ಅಂದವರು ಅಂದು ತಾವಾಗಿಯೇ ಎದ್ದು ಬಂದರು. ಆ ರಾತ್ರಿ ನಾನು ಅವಳಿಗೆ ಹೇಳಿದ ಕಥೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ನಿಮ್ಮ ಕೂಸಿಗೆ ನಿಮ್ಮದೇ ಕಥೆ ಹುಟ್ಟಬೇಕು.

ಒಳಗೆ ಹೋದ ಮೇಲೂ ಕಿಟಕಿ ಗೋಡೆಯ ತನಕ ಗೇಣು ನಡೆದೇ ಇತ್ತು. ನಡುವಿನ ಬಾಗಿಲು ಇವತ್ತಿಗೂ ಮುಚ್ಚುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹಿಂದಿನ ರಾತ್ರಿ ಎರಡೂ ಕವಡೆ ಡಬ್ಬಿಯಲ್ಲೇ ಉಳಿದವು. ಒಟ್ಟು ಖರ್ಚು ಆರು ಸಾವಿರದ ಒಳಗೆ, ಕಾರು ಮಂಚದ್ದನ್ನು ಬಿಟ್ಟು.

ಬಳಪದ ಗೆರೆ ಒರೆಸಲು ಅವಳು ಇನ್ನೂ ಬಿಟ್ಟಿಲ್ಲ, ನೆಲ ಒರೆಸುವಾಗ ಸುತ್ತಿ ಒರೆಸುತ್ತೇನೆ. ಮೊನ್ನೆ ನೋಡಿದರೆ ತಮ್ಮನನ್ನು ಫರ್ಸಿಯ ಮೇಲೆ ಕೂರಿಸಿಕೊಂಡು ಅವನ ಬೆರಳು ಬಿಡಿಸಿ ಚಾಚುತ್ತಿದ್ದಳು. "ಅವ್ವಾ, ಇವನ ಗೇಣು ಭಾಳ ಸಣ್ಣದು" ಎಂದಳು. ಇನ್ನೂ ಎರಡು ವರ್ಷ ಇದೆ ಎಂದೆ. ಬಡಿಗೇರ ಕಾಕಾಗೆ ಮಾತ್ರ ಹೇಳಿಟ್ಟಿದ್ದೇನೆ, ಅದೇ ಅಳತೆ, ಗಾಲಿ ಬೇಡ.